ಉಳಿ ಹಿಡಿಯುವ ಮುನ್ನ



ಹಳೆಯ ಮನೆಗಳ ಅಟ್ಟದಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಕೊಳದಪ್ಪಲೆ, ಕಂಚಿನ ಗಂಗಾಳಗಳು ಇನ್ನೂ ಉಳಿದಿವೆ. ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಂಚಿನ ಬಳಿ ಒಂದು ಹೆಸರು ಕಾಣಿಸಿಕೊಳ್ಳುತ್ತದೆ, ಪಕ್ಕದಲ್ಲಿ ಇಸವಿ, ಒಮ್ಮೊಮ್ಮೆ ಪುಟ್ಟದೊಂದು ಹೂಬಳ್ಳಿ. ಪಾತ್ರೆ ಅಂಗಡಿಯ ಮೂಲೆಯಲ್ಲಿ ಕುಳಿತವರೊಬ್ಬರು ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಚುಕ್ಕೆಗೆ ಚುಕ್ಕೆ ಸೇರಿಸಿ ಮಾಡಿದ ಕೆಲಸ ಅದು. ಈಗ ಅಲ್ಲಿ ಕರೆಂಟಿನ ಪೆನ್ನು ಗುಂಯ್‌ಗುಡುತ್ತದೆ. ಹೆಸರು ಬೇಗ ಮೂಡುತ್ತದೆ, ಅಕ್ಷರ ಮಾತ್ರ ಸೊರಗಿದೆ.

ಇಂದು ನಾನು ಮಾತಾಡಬೇಕೆಂದಿರುವುದು ಇದೇ ಕುಲಕ್ಕೆ ಸೇರಿದ, ಇನ್ನೂ ಸೂಕ್ಷ್ಮವಾದ ಒಂದು ಕಸುಬಿನ ಬಗ್ಗೆ. ಲೋಹದ ಕಂಡರಣೆ ಅದರ ಹೆಸರು. ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ಒತ್ತಿ ತಳ್ಳುತ್ತ ತಾಮ್ರ, ಬೆಳ್ಳಿ, ಉಕ್ಕುಗಳ ಮೈಯಲ್ಲಿ ಗೆರೆ ಕೊರೆಯುವ ವಿದ್ಯೆ. ಉಂಗುರ, ಗಡಿಯಾರದ ಕವಚ, ಚಾಕುವಿನ ಹಿಡಿ, ಬೆಳ್ಳಿಯ ಕರಡಿಗೆ, ಚಿತ್ರ ಅಚ್ಚು ಹಾಕುವ ತಾಮ್ರದ ಫಲಕ, ಎಲ್ಲವೂ ಇದಕ್ಕೆ ಒದಗುವ ವಸ್ತುಗಳೇ. ಇತ್ತೀಚೆಗೆ ಹಲವು ಯುವಕ ಯುವತಿಯರು ಇದನ್ನು ಹವ್ಯಾಸವಾಗಿಯೂ ಜೀವನೋಪಾಯವಾಗಿಯೂ ಕಲಿಯಲು ಮುಂದೆ ಬರುತ್ತಿದ್ದಾರೆ. ಅವರು ಮೊದಲು ಕೇಳುವುದು ಸಲಕರಣೆಯ ಪ್ರಶ್ನೆ. ಯಾವ ಉಕ್ಕಿನ ಉಳಿ ಕೊಳ್ಳಬೇಕು, ಅದರ ಮೂತಿಯನ್ನು ಎಷ್ಟು ಡಿಗ್ರಿಗೆ ಮಸೆಯಬೇಕು, ಗಾಳಿಯ ಒತ್ತಡದಿಂದ ನಡೆಯುವ ಯಂತ್ರ ಬೇಕೇ ಬೇಡವೇ. ಚಿತ್ರ ಬರೆಯುವುದನ್ನು ಹೇಗೆ ಕಲಿಯಬೇಕು ಎಂದು ಕೇಳುವವರು ವಿರಳ. ಕಲಿಯುವವರ ತಗಡುಗಳನ್ನು ಅನೇಕ ಬಾರಿ ಕೈಯಲ್ಲಿ ಹಿಡಿದು ನೋಡಿದ ಮೇಲೆ ನನಗೆ ದೃಢವಾಗಿರುವ ಮಾತೊಂದಿದೆ. ಲೋಹದ ಮೇಲೆ ಕಾಣುವ ತಪ್ಪುಗಳಲ್ಲಿ ಬಹುಪಾಲು ಉಳಿಯ ತಪ್ಪುಗಳಲ್ಲ. ಅವು ಕಾಗದದ ಮೇಲೆಯೇ ಹುಟ್ಟಿ, ಅಲ್ಲಿ ಯಾರ ಕಣ್ಣಿಗೂ ಬೀಳದೆ ತಗಡಿಗೆ ಇಳಿದು ಬಂದವು.

ಸಲಕರಣೆಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಆರಂಭಕ್ಕೆ ಚೌಕ ಮೂತಿಯ ಒಂದು ಉಳಿ ಸಾಕು. ಮುಖವನ್ನು ಸುಮಾರು 45 ಡಿಗ್ರಿಗೆ ಮಸೆದು, ಕೆಳಗೆ 15ರಿಂದ 20 ಡಿಗ್ರಿಯ ಸಣ್ಣ ಹಿಮ್ಮಡಿ ಕೊಟ್ಟು, ಒಂದಿಷ್ಟು ತಾಮ್ರದ ತಗಡು, ಅದನ್ನು ಇಟ್ಟು ತಿರುಗಿಸಲು ಮರಳು ತುಂಬಿದ ಚರ್ಮದ ದಿಂಬು, ಒಂದು ಭೂತಗನ್ನಡಿ ಇಟ್ಟುಕೊಂಡರೆ ಕಲಿಕೆ ಶುರುವಾಗುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಕೊಳ್ಳುವ ಹಣವಿದ್ದರೆ ಪೆನ್ಸಿಲು, ಕಾಗದಗಳಿಗೆ ಹಾಕಿ.

ಇನ್ನು ಗೆರೆಯ ವಿಷಯ. ಚೌಕ ಉಳಿಯ ತುದಿ 90 ಡಿಗ್ರಿಯ ಮೂಲೆ. ಅದು ಕೊರೆದ ಕಾಲುವೆಯ ಅಗಲ ಯಾವಾಗಲೂ ಆಳದ ಎರಡರಷ್ಟು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಆಳಕ್ಕೆ ಇಳಿದರೆ 0.2 ಮಿಲಿಮೀಟರ್ ಅಗಲದ ಗೆರೆ ಬೀಳುತ್ತದೆ. ಕೈ ಸ್ವಲ್ಪ ಒತ್ತಿದರೆ ಗೆರೆ ಉಬ್ಬುತ್ತದೆ, ಸಡಿಲಿಸಿದರೆ ಕೂದಲೆಳೆಯಾಗಿ ಮುಗಿಯುತ್ತದೆ. ಕಂಡರಣೆಯ ಚೆಲುವೆಲ್ಲ ಈ ಉಬ್ಬು ಇಳಿವಿನಲ್ಲಿದೆ. ಆದರೆ ಕಲಿಯುವವರು ಚಿತ್ರ ಬರೆಯುವುದು ಯಾವುದರಲ್ಲಿ? ಅಂಗಡಿಯಲ್ಲಿ ಸಿಗುವ 0.5 ಮಿಲಿಮೀಟರಿನ ಕ್ಲಿಕ್ ಪೆನ್ಸಿಲಿನಲ್ಲಿ. ಆ ಗೆರೆ ಕೊರೆಯಬೇಕಾದ ಗೆರೆಗಿಂತ ಎರಡೂವರೆ ಪಟ್ಟು ದಪ್ಪ, ಸಾಲದ್ದಕ್ಕೆ ಮೊದಲಿಂದ ಕೊನೆವರೆಗೂ ಒಂದೇ ಸಮ. ಆ ದಪ್ಪದೊಳಗೆ ಉಳಿ ಎಲ್ಲಿ ಹೋಗಬೇಕು, ಎಡ ಅಂಚಿನಲ್ಲೋ, ಬಲ ಅಂಚಿನಲ್ಲೋ, ನಡುವಿನಲ್ಲೋ? ಕೈ ಅಲ್ಲೇ ತಡವರಿಸುತ್ತದೆ, ವಕ್ರರೇಖೆ ಅಲ್ಲೇ ಮುರಿಯುತ್ತದೆ. ಗಟ್ಟಿ ಸೀಸದ ಮರದ ಪೆನ್ಸಿಲನ್ನು ಬ್ಲೇಡಿನಿಂದ ಉದ್ದಕ್ಕೆ ಹೆರೆದು, ಮರಳುಕಾಗದಕ್ಕೆ ಉಜ್ಜಿ ಸೂಜಿಯ ಮೊನೆಯಂತೆ ಮಾಡಿಕೊಳ್ಳುವುದು ಚಿತ್ರಾಭ್ಯಾಸದ ಮೊದಲ ಪಾಠ.

ಅಳಿಸಲಾಗದ ಗೆರೆಯೊಂದಿಗೆ ಬದುಕುವುದನ್ನು ಕಲಿಯುವುದು ಎರಡನೆಯದು. ಇದಕ್ಕೆ ನನಗೆ ನೆನಪಾಗುವುದು ಜರ್ಮನಿಯ ನ್ಯೂರೆಂಬರ್ಗ್ ನಗರದ ಆಲ್ಬ್ರೆಕ್ಟ್ ಡ್ಯೂರರ್. 1471ರಲ್ಲಿ ಹುಟ್ಟಿದವನು, ಅಕ್ಕಸಾಲಿಗನ ಮಗ. 1484ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಕನ್ನಡಿ ನೋಡಿಕೊಂಡು ತನ್ನ ಚಿತ್ರ ತಾನೇ ಬರೆದ. ಅದು ಇಂದಿಗೂ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಬರೆದದ್ದು ಬೆಳ್ಳಿಯ ಮೊನೆಯಿಂದ. ಲೇಪ ಹಚ್ಚಿದ ಕಾಗದದ ಮೇಲೆ ಬೆಳ್ಳಿಯ ತಂತಿ ಎಳೆದರೆ ಬೂದು ಗೆರೆ ಮೂಡುತ್ತದೆ, ಆದರೆ ಅದನ್ನು ಅಳಿಸಲು ಬರುವುದಿಲ್ಲ. ಅಪ್ಪನ ಅಂಗಡಿಯಲ್ಲಿ ಲೋಹದ ಕೆಲಸ ಕಲಿತ ಆ ಹುಡುಗ 1486ರಲ್ಲಿ ಮಿಖಾಯೆಲ್ ವೋಲ್ಗೆಮುಟ್ ಎಂಬ ಚಿತ್ರಕಾರನ ಬಳಿ ಶಿಷ್ಯನಾಗಿ ಸೇರಿದ. ಮುಂದೆ 1513ರಲ್ಲಿ ಕುದುರೆಯ ಮೇಲಿನ ಯೋಧ, ಸಾವು ಮತ್ತು ಪಿಶಾಚಿಯ ಫಲಕವನ್ನೂ, ಮರುವರ್ಷ ಚಿಂತೆಯಲ್ಲಿ ಮುಳುಗಿದ ರೆಕ್ಕೆಯ ಹೆಣ್ಣಿನ 'ಮೆಲೆಂಕೋಲಿಯಾ' ಫಲಕವನ್ನೂ ತಾಮ್ರದಲ್ಲಿ ಕೊರೆದ. ಐನೂರು ವರ್ಷ ಕಳೆದರೂ ಕಂಡರಣೆಗಾರರು ಅವನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ಆ ಫಲಕಗಳ ಹಿಂದೆ ಹುಲ್ಲುಗಾವಲಿನ ಒಂದು ಹಿಡಿ ಹುಲ್ಲನ್ನೂ ಬಿಡದೆ ಬರೆದ ಕಣ್ಣಿತ್ತು. 1503ರ ಆ ಹುಲ್ಲಿನ ಚಿತ್ರವೂ ಆಲ್ಬರ್ಟಿನಾದಲ್ಲೇ ಇದೆ.

ಬೆಳ್ಳಿಯ ಮೊನೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಲ್‌ಪೆನ್ನಿನಲ್ಲಿ ಬರೆಯಿರಿ, ರಬ್ಬರನ್ನು ಮನೆಯವರ ಕೈಗೆ ಕೊಟ್ಟುಬಿಡಿ. ಗೆರೆ ತಪ್ಪಿದರೆ ಅದರ ಪಕ್ಕದಲ್ಲಿ ಸರಿಯಾದದ್ದನ್ನು ಎಳೆಯಿರಿ, ತಪ್ಪಿದ್ದು ಹಾಗೆಯೇ ಇರಲಿ, ಮುಂದಿನ ಸಲ ಕಣ್ಣಿಗೆ ಬೇಕಾಗುತ್ತದೆ. ಇನ್ನೊಂದು ಅಭ್ಯಾಸ ನಮ್ಮ ಶಾಲೆಗಳ ಚಿತ್ರಕಲೆಯ ತರಗತಿಯಲ್ಲೇ ಇದೆ. ದಪ್ಪ ಕಾಗದಕ್ಕೆ ಬಿಳಿ ಮೇಣದ ಬಣ್ಣವನ್ನು ಒತ್ತಾಗಿ ಬಳಿದು, ಅದರ ಮೇಲೆ ಒಂದು ಹನಿ ಸೋಪಿನ ನೀರು ಬೆರೆಸಿದ ಕಪ್ಪು ಪೋಸ್ಟರ್ ಬಣ್ಣ ಹಚ್ಚಿ ಒಣಗಿಸಿ, ಸೂಜಿಯಿಂದ ಗೀರಿದರೆ ಬಿಳಿ ಗೆರೆ ಏಳುತ್ತದೆ. ತೆಗೆದದ್ದನ್ನು ಮರಳಿ ಇಡಲಾಗದು ಎಂಬ ಲೋಹದ ನಿಯಮವನ್ನು ಈ ಅಗ್ಗದ ಕಾಗದ ಚೆನ್ನಾಗಿ ಕಲಿಸುತ್ತದೆ.

ಇನ್ನು ಏನನ್ನು ಬರೆಯಬೇಕು? ಇಲ್ಲಿ ನನ್ನ ಸಲಹೆ ಸ್ವಲ್ಪ ಕಟ್ಟುನಿಟ್ಟಿನದು. ಮುಖ, ಕುದುರೆ, ಹುಲಿ, ದೇವರ ಚಿತ್ರ ಯಾವುದೂ ಈಗ ಬೇಡ. ಸುರುಳಿ ಮತ್ತು ಎಲೆ, ಇವೆರಡನ್ನೇ ಹಿಡಿಯಿರಿ. ಯುರೋಪಿನ ಕಂಡರಣೆಯಲ್ಲಿ ಬಂದೂಕಿನಿಂದ ಬೆಳ್ಳಿತಟ್ಟೆಯವರೆಗೆ ಎಲ್ಲೆಲ್ಲೂ ಹಬ್ಬಿರುವುದು ಅಕಾಂತಸ್ ಎಂಬ ಎಲೆಯ ಬಳ್ಳಿ. ಮೆಡಿಟರೇನಿಯನ್ ಕಡಲ ಸುತ್ತ ಬೆಳೆಯುವ ಗಿಡ, ಗ್ರೀಕರ ಕೊರಿಂಥಿಯನ್ ಕಂಬಗಳ ಬೋದಿಗೆಯಿಂದ ಹೊರಟು ಎಲ್ಲ ಲೋಹದ ಕೆಲಸಕ್ಕೂ ಇಳಿಯಿತು. ನಮ್ಮವರಿಗೆ ಬಳ್ಳಿಯ ಪಾಠ ಹೇಳುವ ಗುರು ಇನ್ನೂ ಹತ್ತಿರದಲ್ಲಿದ್ದಾನೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಡಿಪಟ್ಟಿಗಳನ್ನು ನೋಡಿ. ಆನೆಯ ಸಾಲು, ಸಿಂಹದ ಸಾಲು, ಕುದುರೆ ಸವಾರರ ಸಾಲು, ಇವುಗಳ ನಡುವೆ ಬಳ್ಳಿಯ ಪಟ್ಟಿ ಓಡುತ್ತದೆ. ಪ್ರವಾಸಿಗಳು ಆನೆ ಎಣಿಸುತ್ತ ಅದನ್ನು ದಾಟಿ ಹೋಗುತ್ತಾರೆ. ಕಂಡರಣೆ ಕಲಿಯುವವರು ಅಲ್ಲೇ ನೆಲದ ಮೇಲೆ ಕುಳಿತು ಆ ಬಳ್ಳಿಯ ಒಂದು ಮೊಳವನ್ನು ಬರೆಯಬೇಕು. ಒಂದು ದಂಟು ಅಲೆಯಾಗಿ ಏಳುತ್ತ ಬೀಳುತ್ತ ಸಾಗುತ್ತದೆ, ಪ್ರತಿ ತಗ್ಗಿನಲ್ಲೂ ಒಂದು ಕವಲು ಒಡೆದು ಒಳಕ್ಕೆ ಸುರುಳಿಯಾಗುತ್ತದೆ, ಸುರುಳಿಯ ಬೆನ್ನಿನಿಂದ ಎಲೆಗಳು ಚಿಮ್ಮುತ್ತವೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಮನ್ನಣೆಗೆ ನಾವು ಸಲ್ಲಿಸಬಹುದಾದ ಒಳ್ಳೆಯ ಗೌರವವೆಂದರೆ ಫೋಟೋ ತೆಗೆಯುವ ಕೈಯಲ್ಲಿ ಒಂದಿಷ್ಟು ಹೊತ್ತು ಪೆನ್ಸಿಲು ಹಿಡಿಯುವುದು.

ಸುರುಳಿ ಬರೆಯುವುದು ಸುಲಭವೆನಿಸುತ್ತದೆ. ಬರೆದು ನೋಡಿ, ಆಗ ತಿಳಿಯುತ್ತದೆ. ಒಳ್ಳೆಯ ಸುರುಳಿಯಲ್ಲಿ ಸುತ್ತುಗಳ ನಡುವಿನ ಜಾಗ ನಡುವಿನತ್ತ ಹೋದಂತೆ ಒಂದೇ ಹದದಲ್ಲಿ ಕಿರಿದಾಗುತ್ತದೆ. ಎಲ್ಲೂ ಗೆರೆ ಚಪ್ಪಟೆಯಾಗಬಾರದು, ಎಲ್ಲೂ ಮೊಣಕೈ ಮಡಿಸಿದಂತೆ ಮುರಿಯಬಾರದು. ಡ್ಯೂರರ್ 1525ರಲ್ಲಿ ಅಳತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಸುರುಳಿಗಳನ್ನು ಕೈವಾರ, ಅಳತೆಪಟ್ಟಿಗಳಿಂದ ಕಟ್ಟುವ ವಿಧಾನಗಳನ್ನು ಕೊಟ್ಟಿದ್ದಾನೆ. ಅಷ್ಟು ದೊಡ್ಡ ಕಲಾವಿದನೇ ಸುರುಳಿಯನ್ನು ಕಣ್ಣಂದಾಜಿಗೆ ಬಿಡಲಿಲ್ಲ. ನೀವೂ ಮೊದಲು ತೆಳುವಾಗಿ ಒಂದು ವೃತ್ತ ಎಳೆದುಕೊಳ್ಳಿ. ಅದರೊಳಗೆ ಬೆನ್ನೆಲುಬಿನ ಗೆರೆಯೊಂದನ್ನೇ ಬರೆಯಿರಿ. ಎಲೆಯ ಯೋಚನೆ ಆಗ ಬೇಡ. ಬೆನ್ನೆಲುಬು ಸರಿಯಾಗುವವರೆಗೆ ಎಲೆ ಹಾಕಬಾರದು. ಹೊಸಬರಲ್ಲಿ ನಾನು ಕಾಣುವ ದೊಡ್ಡ ದೋಷ ಇದೇ. ಸೊಟ್ಟಗಿರುವ ಸುರುಳಿಗೆ ಅಂದವಾದ ಎಲೆ ಹಾಕಿ ಮುಚ್ಚಲು ನೋಡುತ್ತಾರೆ. ಎಲೆ ಎಷ್ಟೇ ಚೆನ್ನಾಗಿದ್ದರೂ ಒಳಗಿನ ಸೊಟ್ಟು ಹೊರಗೆ ಕಾಣುತ್ತದೆ. ಅದನ್ನು ಪತ್ತೆ ಹಚ್ಚುವ ದಾರಿ ಸರಳವಾಗಿದೆ. ಕಾಗದವನ್ನು ತಲೆಕೆಳಗೆ ಮಾಡಿ ನೋಡಿ, ಇಲ್ಲವೇ ಕನ್ನಡಿಗೆ ಹಿಡಿದು ನೋಡಿ, ಇಲ್ಲವೇ ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿ. ಅಷ್ಟು ಹೊತ್ತು ನೋಡಿ ನೋಡಿ ಒಗ್ಗಿಹೋಗಿದ್ದ ತಪ್ಪು ಆಗ ತಟ್ಟನೆ ಎದ್ದು ನಿಲ್ಲುತ್ತದೆ.

ಸುರುಳಿಯನ್ನು ಬೆರಳಿನಿಂದ ಬರೆಯಬಾರದು, ತೋಳಿನಿಂದ ಬರೆಯಬೇಕು. ನಿಂತುಕೊಂಡು, ಗೋಡೆಗೆ ಅಂಟಿಸಿದ ಹಳೆಯ ಪತ್ರಿಕೆಯ ಮೇಲೆ ದೊಡ್ಡದಾಗಿ ಬರೆಯಿರಿ. ಮೊಳದಗಲದ ಸುರುಳಿ ಸರಾಗವಾದ ಮೇಲೆ ಅಂಗೈಯಗಲಕ್ಕೆ, ಆಮೇಲೆ ರೂಪಾಯಿಯಗಲಕ್ಕೆ ಇಳಿಯಿರಿ. ದೊಡ್ಡದು ತೋಳಿಗೆ ಚಲನೆಯನ್ನು ಕಲಿಸುತ್ತದೆ, ಸಣ್ಣದು ಮಿತಿಯನ್ನು ಕಲಿಸುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೆನ್ಸಿಲನ್ನು ನಾವು ನಮ್ಮ ಕಡೆಗೆ ಎಳೆಯುತ್ತೇವೆ, ಉಳಿಯನ್ನು ನಮ್ಮಿಂದ ಆಚೆಗೆ ತಳ್ಳುತ್ತೇವೆ. ತಗಡಿನಲ್ಲಿ ವಕ್ರರೇಖೆ ಬರುವುದು ಬಲಗೈಯ ಓಟದಿಂದಲ್ಲ, ಎಡಗೈ ತಗಡನ್ನು ಉಳಿಗೆ ಎದುರಾಗಿ ತಿರುಗಿಸುವುದರಿಂದ. ಹಾಗಾಗಿ ಕಾಗದದ ಅಭ್ಯಾಸ ಉಳಿಯ ಅಭ್ಯಾಸಕ್ಕೆ ಬದಲಿಯಲ್ಲ. ಅದು ಕಣ್ಣನ್ನೂ ನಿರ್ಧಾರವನ್ನೂ ಸಿದ್ಧ ಮಾಡುತ್ತದೆ. ಆದರೂ ಬಲಗೈಯನ್ನು ನಿಲ್ಲಿಸಿ ಎಡಗೈಯಿಂದ ಕಾಗದ ಸರಿಸುತ್ತ ಗೆರೆ ಎಳೆಯುವುದನ್ನು ಆಗಾಗ ಮಾಡಿ ನೋಡಿ. ನಮ್ಮ ಓಲೆಗರಿಯ ಲಿಪಿಕಾರರು ಹೀಗೆಯೇ ಬರೆಯುತ್ತಿದ್ದರು. ಕಬ್ಬಿಣದ ಕಂಟದ ಮೊನೆ ಗರಿಯ ಮೇಲೆ ನಿಂತಲ್ಲೇ ಆಡುತ್ತಿತ್ತು, ಎಡಗೈ ಗರಿಯನ್ನು ಸರಿಸುತ್ತಿತ್ತು. ಕೊರೆದ ಅಕ್ಷರಕ್ಕೆ ಮಸಿ ತಿಕ್ಕಿ ಒರೆಸಿದಾಗ ಬರಹ ಕಾಣಿಸುತ್ತಿತ್ತು. ಕೊರೆದ ತಾಮ್ರದ ಗೆರೆಗೆ ಕಪ್ಪು ತುಂಬಿ ನೋಡುವುದೂ ಅದೇ ಕ್ರಮ.

ಎಲೆಗೆ ಬರೋಣ. ಪುಸ್ತಕದ ಎಲೆಗಿಂತ ಹಿತ್ತಲಿನ ಎಲೆ ಮೇಲು. ಹಾಗಲಬಳ್ಳಿಯನ್ನು ಬಿಡಿಸಿ ನೋಡಿ. ಅದರ ಎಲೆಗೆ ಆಳವಾದ ಸೀಳುಗಳಿವೆ, ಪ್ರತಿ ಹಾಲೆಯ ನರವೂ ತೊಟ್ಟಿನ ಕಡೆಗೆ ಓಡುತ್ತದೆ, ಪಕ್ಕದಲ್ಲೇ ಕುಡಿಯೊಂದು ಸುರುಳಿ ಸುತ್ತಿಕೊಂಡಿದೆ. ಮಲೆನಾಡಿನವರಿಗೆ ಮಳೆಗಾಲದ ಜರಿಗಿಡದ ಎಳೆಯ ಕುಡಿಗಿಂತ ಒಳ್ಳೆಯ ಸುರುಳಿ ಬೇಕಿಲ್ಲ. ಬರೆಯುವಾಗ ಮೊದಲು ಇಡೀ ಎಲೆಯನ್ನು ಒಳಗೊಳ್ಳುವ ಹೊರಗೆರೆಯೊಂದನ್ನು ಹಗುರವಾಗಿ ಹಾಕಿ. ಆಮೇಲೆ ನಡುನರ, ಆಮೇಲೆ ಹಾಲೆಗಳು, ಕೊನೆಗೆ ಅಂಚಿನ ಮಡಿಕೆ. ಹಲ್ಲುಹಲ್ಲಾದ ಅಂಚಿನಿಂದ ಶುರುಮಾಡಿದರೆ ಎಲೆ ಎಂದೂ ಒಂದಾಗುವುದಿಲ್ಲ. ಕವಲು ದಂಟಿನಿಂದ ಹೊರಡುವ ಜಾಗವನ್ನು ವಿಶೇಷವಾಗಿ ಗಮನಿಸಿ. ಅದು ದಂಟಿಗೆ ಅಡ್ಡಲಾಗಿ ಚುಚ್ಚಿಕೊಂಡಿರಬಾರದು. ದಂಟು ಹೋಗುತ್ತಿದ್ದ ದಿಕ್ಕಿನಲ್ಲೇ ಸ್ವಲ್ಪ ದೂರ ಜೊತೆಯಾಗಿ ನಡೆದು ಆಮೇಲೆ ಅಗಲಬೇಕು. ಯಾವ ಎಲೆಯ ಯಾವ ಗೆರೆಯ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದರೂ ಬುಡಕ್ಕೆ ತಲುಪುವಂತಿರಬೇಕು.

ಎಲೆಗಳ ನಡುವಿನ ಬರಿಯ ಜಾಗವನ್ನೂ ಬರೆಯಬೇಕು ಎಂದರೆ ಹೊಸಬರಿಗೆ ವಿಚಿತ್ರವೆನಿಸಬಹುದು. ಆದರೆ ಕಂಡರಣೆಯಲ್ಲಿ ಆ ಹಿನ್ನೆಲೆಯನ್ನು ಚುಕ್ಕೆಗಳಿಂದಲೋ ಒತ್ತುಗೆರೆಗಳಿಂದಲೋ ತಗ್ಗಿಸಿ ಕಪ್ಪಾಗಿಸುವುದು ರೂಢಿ. ಆಗ ಅದರ ಆಕಾರವೇ ಮೊದಲು ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಚಿತ್ರದ ಮೇಲೆ ಟ್ರೇಸಿಂಗ್ ಕಾಗದ ಹಾಸಿ ಖಾಲಿ ಜಾಗಗಳನ್ನಷ್ಟೇ ಕಪ್ಪು ಮಾಡಿ. ಒಂದು ಕಡೆ ದೊಡ್ಡ ಕಪ್ಪು ಮಚ್ಚೆ, ಇನ್ನೊಂದು ಕಡೆ ಎಳೆಯಷ್ಟೇ ಕಪ್ಪು ಇದ್ದರೆ ವಿನ್ಯಾಸ ಇನ್ನೂ ಕೂಡಿಬಂದಿಲ್ಲ ಎಂದರ್ಥ.

ನೆರಳಿನ ಗೆರೆಗಳ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ವಿನ್ಯಾಸಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕಾಗದದ ಮೇಲೆ ನೆರಳು ಹಾಕಲು ಪೆನ್ಸಿಲನ್ನು ಮಲಗಿಸಿ ಉಜ್ಜುವ ಅಭ್ಯಾಸ ನಮಗಿದೆ. ಕಂಡರಣೆಯಲ್ಲಿ ಉಜ್ಜುವುದು ಎಂಬುದೇ ಇಲ್ಲ. ಅಲ್ಲಿರುವುದು ಗೆರೆ, ಗೆರೆಯ ದಪ್ಪ, ಎರಡು ಗೆರೆಗಳ ನಡುವಿನ ಅಂತರ, ಅಷ್ಟೇ. ಆದ್ದರಿಂದ ಕಾಗದದಲ್ಲೂ ಉಜ್ಜುವುದನ್ನು ಬಿಡಿ. ಒಂದು ಗುಂಡು ಬದನೆಕಾಯಿಗೆ ದಾರ ಸುತ್ತಿ, ಆ ದಾರ ಮೈಯನ್ನು ಅನುಸರಿಸಿ ಹೇಗೆ ಬಾಗುತ್ತದೆ ಎಂದು ನೋಡಿ. ನೆರಳಿನ ಗೆರೆ ಹಾಗೆ ಬಾಗಬೇಕು. ಕತ್ತಲು ಹೆಚ್ಚಿರುವ ಅಂಚಿನಲ್ಲಿ ದಪ್ಪವಾಗಿ ಹುಟ್ಟಿ, ಬೆಳಕಿನ ಕಡೆಗೆ ತೆಳುವಾಗುತ್ತ ಹೋಗಿ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಮುಗಿಯಬೇಕು. ಪಕ್ಕದ ಗೆರೆ ಅದರ ಜೊತೆಗಾರನಂತೆ ಅದೇ ಅಂತರದಲ್ಲಿ ಸಾಗಬೇಕು. ಫ್ರಾನ್ಸಿನ ಕ್ಲೋಡ್ ಮೆಲ್ಲಾನ್ 1649ರಲ್ಲಿ ಯೇಸುವಿನ ಮುಖವನ್ನು ಒಂದೇ ಒಂದು ಗೆರೆಯಲ್ಲಿ ಕೊರೆದ. ಮೂಗಿನ ತುದಿಯಿಂದ ಹೊರಟ ಆ ಗೆರೆ ಸುರುಳಿಯಾಗಿ ಸುತ್ತುತ್ತ ಇಡೀ ಫಲಕವನ್ನು ತುಂಬುತ್ತದೆ. ಕಣ್ಣು, ಗಡ್ಡ, ಮುಳ್ಳಿನ ಕಿರೀಟ, ರಕ್ತದ ಹನಿ ಎಲ್ಲವೂ ಆ ಒಂದೇ ಗೆರೆ ದಪ್ಪವಾಗಿ ತೆಳುವಾಗಿ ಹುಟ್ಟಿಸಿದ ನೆರಳುಗಳು. ಅದನ್ನು ಮೀರಿಸುವ ಪಾಠ ನನಗೆ ತಿಳಿದಿಲ್ಲ.

ಎಷ್ಟು ಗೆರೆ ಹಾಕಬೇಕೆಂಬುದೂ ಲೆಕ್ಕದ ಮಾತು. ಗೆರೆ 0.2, ಎಡೆ 0.2 ಮಿಲಿಮೀಟರ್ ಎಂದುಕೊಂಡರೆ ಒಂದು ಸೆಂಟಿಮೀಟರಿನಲ್ಲಿ 25 ಗೆರೆಗಳು ಹಿಡಿಯುತ್ತವೆ. ಉಂಗುರದ ಮೇಲಿನ ಎಲೆ ನಾಲ್ಕು ಮಿಲಿಮೀಟರ್ ಅಗಲವಿದ್ದರೆ ಅದಕ್ಕೆ ಸಿಗುವುದು ಹತ್ತು ಗೆರೆಗಳ ಜಾಗ. ಕಾಗದದಲ್ಲಿ ನಾಲ್ಕು ಪಟ್ಟು ದೊಡ್ಡದಾಗಿ ಬರೆದು ನಲವತ್ತು ಗೆರೆ ಹಾಕಿಕೊಂಡವರು ಅದನ್ನು ಕುಗ್ಗಿಸಿ ತಗಡಿಗೆ ಇಳಿಸಿದಾಗ ಎಲೆ ಕಪ್ಪು ಕಲೆಯಾಗುತ್ತದೆ. ಹಾಗಾಗಿ ದೊಡ್ಡದಾಗಿ ರೂಪಿಸಿದ್ದನ್ನು ನಿಜವಾದ ಅಳತೆಯಲ್ಲಿ ಇನ್ನೊಮ್ಮೆ ಬರೆಯಲೇಬೇಕು. ಬರೆಯುವಾಗ ಬಿಡಬೇಕಾದ ಗೆರೆಗಳು ಯಾವುವು ಎಂದು ಆಗ ತಾನಾಗಿ ಗೊತ್ತಾಗುತ್ತದೆ. ಜೊತೆಗೆ, ಹೊಳೆಯುವ ಲೋಹದ ಮೇಲಿನ ಗೆರೆ ಕಾಗದದ ಮಸಿಯ ಹಾಗೆ ಯಾವಾಗಲೂ ಕಪ್ಪಲ್ಲ. ಅದರ ಎರಡು ಗೋಡೆಗಳಲ್ಲಿ ಒಂದು ಬೆಳಕು ಹಿಡಿದರೆ ಗೆರೆ ಮಿಂಚುತ್ತದೆ, ವಸ್ತುವನ್ನು ಸ್ವಲ್ಪ ತಿರುಗಿಸಿದರೆ ಕಪ್ಪಾಗುತ್ತದೆ. ನೆರಳಿನ ಮೇಲೆಯೇ ಭಾರ ಹಾಕಿದ ಚಿತ್ರ ಆಗ ಕಲಸಿಹೋಗುತ್ತದೆ. ಹೊರಗೆರೆ ಗಟ್ಟಿಯಾಗಿರುವ ಚಿತ್ರ ಯಾವ ಬೆಳಕಿನಲ್ಲೂ ನಿಲ್ಲುತ್ತದೆ.

ನಕಲು ಮಾಡಬಹುದೇ ಎಂದು ಕೇಳುವವರಿದ್ದಾರೆ. ಮಾಡಲೇಬೇಕು. ಆದರೆ ನಕಲಿಗೊಂದು ಕ್ರಮವಿದೆ. ಮೊದಲು ಟ್ರೇಸಿಂಗ್ ಕಾಗದ ಹಾಸಿ ಬೆನ್ನೆಲುಬಿನ ಗೆರೆಗಳನ್ನಷ್ಟೇ ತೆಗೆಯಿರಿ, ವಿನ್ಯಾಸ ಹೇಗೆ ಕಟ್ಟಿದೆ ಎಂದು ಆಗ ತಿಳಿಯುತ್ತದೆ. ಆಮೇಲೆ ಪಕ್ಕದಲ್ಲಿಟ್ಟುಕೊಂಡು ಕಣ್ಣಿನಿಂದ ಬರೆಯಿರಿ. ಕೊನೆಗೆ ಮುಚ್ಚಿಟ್ಟು ನೆನಪಿನಿಂದ ಬರೆಯಿರಿ. ಮೂರನೆಯದನ್ನು ಬಹುತೇಕರು ಮಾಡುವುದಿಲ್ಲ, ಬೆಳವಣಿಗೆ ಇರುವುದು ಅಲ್ಲಿಯೇ. ಇಂಗ್ಲೆಂಡಿನ ವಿಲಿಯಂ ಹೋಗಾರ್ತ್ ಬೆಳ್ಳಿ ಸಾಮಾನುಗಳ ಮೇಲೆ ಕೆತ್ತುವ ಎಲಿಸ್ ಗ್ಯಾಂಬಲ್ ಎಂಬವನ ಅಂಗಡಿಯಲ್ಲಿ ಶಿಷ್ಯನಾಗಿ ಕಸುಬು ಶುರುಮಾಡಿದವನು. ಬರಿಯ ನಕಲು ಮಾಡುತ್ತ ಕೂರುವುದು ಅವನಿಗೆ ಒಗ್ಗಲಿಲ್ಲ. ಕಂಡದ್ದರ ಮುಖ್ಯ ಗೆರೆಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಬರೆಯುವ ಪದ್ಧತಿಯನ್ನು ತಾನೇ ರೂಢಿಸಿಕೊಂಡೆನೆಂದು ಹೇಳಿಕೊಂಡಿದ್ದಾನೆ. 1753ರಲ್ಲಿ ಸೌಂದರ್ಯದ ಬಗ್ಗೆ ಅವನು ಬರೆದ ಪುಸ್ತಕ ಹಾವಿನ ಹರಿವಿನ ವಕ್ರರೇಖೆಯನ್ನೇ ಚೆಲುವಿನ ಮೂಲವೆಂದು ವಾದಿಸುತ್ತದೆ. ಬೆಳ್ಳಿತಟ್ಟೆಯ ಬಳ್ಳಿಗಳ ನಡುವೆ ಬೆಳೆದವನಿಗೆ ಆ ರೇಖೆ ಕಣ್ಣಿಗೆ ಬಿದ್ದದ್ದು ಸಹಜವೇ. ಕವಿಯೂ ಆಗಿದ್ದ ವಿಲಿಯಂ ಬ್ಲೇಕ್ 1772ರಲ್ಲಿ ಜೇಮ್ಸ್ ಬಸೈರ್ ಎಂಬ ಕಂಡರಣೆಗಾರನ ಬಳಿ ಏಳು ವರ್ಷದ ಶಿಷ್ಯವೃತ್ತಿಗೆ ಸೇರಿದ. ಗುರು ಅವನನ್ನು ತಾಮ್ರದ ಮುಂದೆಯೇ ಕೂರಿಸಿಡಲಿಲ್ಲ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಕಳಿಸಿ ಅಲ್ಲಿನ ಹಳೆಯ ಗೋರಿಗಳ ಶಿಲ್ಪಗಳನ್ನು ಬರೆಸಿದ. ಬರೆಯುವುದನ್ನು ಕಲಿಸದೆ ಕೊರೆಯುವುದನ್ನು ಕಲಿಸಲಾಗದು ಎಂಬುದು ಆ ಗುರುಗಳಿಗೆ ಚೆನ್ನಾಗಿ ಗೊತ್ತಿತ್ತು.

ಕನ್ನಡಿಗರು ಕಲಿಯಬೇಕಾದ ಇನ್ನೊಂದು ವಿಷಯ ನಮ್ಮ ಅಕ್ಷರ. ಹೆಸರು ಕೆತ್ತಿಕೊಡಿ ಎಂಬುದೇ ಕಂಡರಣೆಗಾರರಿಗೆ ಬರುವ ಮೊದಲ ಬೇಡಿಕೆ. ಇಂಗ್ಲಿಷ್ ಅಕ್ಷರಗಳ ಮಾದರಿ ಪುಸ್ತಕಗಳು ಬೇಕಾದಷ್ಟಿವೆ. ಕನ್ನಡಕ್ಕೆ ನಾವೇ ದುಡಿಯಬೇಕು. ಕನ್ನಡದ ಗುಂಡನೆಯ ಅಕ್ಷರ ಲೋಹದಲ್ಲಿ ಕಷ್ಟದ್ದು, ಗುಂಡು ಸ್ವಲ್ಪ ಚಪ್ಪಟೆಯಾದರೂ ಅಕ್ಷರ ಕುಂಟುತ್ತದೆ. ಠ, ಲ, ಅ ಈ ಮೂರನ್ನು ಸುರುಳಿಯ ಅಭ್ಯಾಸದ ಜೊತೆಗೇ ಬರೆಯಿರಿ. ತಲೆಕಟ್ಟಿಗೊಂದು, ಅಕ್ಷರದ ತಳಕ್ಕೊಂದು, ಒತ್ತಕ್ಷರಕ್ಕೊಂದು ಎಂದು ಮೂರು ಅಡ್ಡಗೆರೆ ಹಾಕಿಕೊಳ್ಳಿ. ಒತ್ತಿಗೆ ಜಾಗ ಬಿಡದೆ ಮೇಲಿನ ಸಾಲನ್ನು ದೊಡ್ಡದಾಗಿ ಬರೆದುಕೊಂಡು, ಕೊನೆಗೆ ಒತ್ತನ್ನು ಇರುಕಿಸುವುದು ಎಲ್ಲ ಕಡೆ ಕಾಣುವ ದೋಷ. ಕಣ್ಣಿಗೆ ಒಳ್ಳೆಯ ಮಾದರಿ ಬೇಕಾದರೆ ವಸ್ತು ಸಂಗ್ರಹಾಲಯಗಳಲ್ಲಿ ತಾಮ್ರಶಾಸನಗಳ ಮುಂದೆ ನಿಲ್ಲಿ. ಗಂಗರ ಆನೆ, ಚಾಲುಕ್ಯರ ವರಾಹ, ರಾಷ್ಟ್ರಕೂಟರ ಗರುಡ ಮುದ್ರೆಗಳ ಬಳೆಯಲ್ಲಿ ಪೋಣಿಸಿದ ಆ ತಗಡುಗಳ ಮೇಲೆ ಅಕ್ಷರ ಸಾಲು ತಪ್ಪದೆ ನಡೆಯುವುದನ್ನು ನೋಡಿ. ರಾಜಶಾಸನವನ್ನು ತಾಮ್ರಕ್ಕೆ ಇಳಿಸಿದ ಆ ಕೈಗಳು ಈ ಮಣ್ಣಿನಲ್ಲಿ ನಮಗಿಂತ ಮೊದಲು ಈ ಕೆಲಸ ಮಾಡಿದವು.

ಚಿತ್ರ ಸಿದ್ಧವಾದ ಮೇಲೆ ತಗಡಿಗೆ ಇಳಿಸುವ ಮಾತು. ತಗಡಿಗೆ ಬಿಳಿ ಪೋಸ್ಟರ್ ಬಣ್ಣವನ್ನು ನೀರಾಗಿ ಕಲಸಿ ಬೆರಳಿನಿಂದ ತಟ್ಟಿ ಹಚ್ಚಿದರೆ ಒಣಗಿದ ಮೇಲೆ ಪೆನ್ಸಿಲಿನಲ್ಲಿ ನೇರವಾಗಿ ಬರೆಯಬಹುದು. ಆಮೇಲೆ ಸೂಜಿಯಿಂದ ಹಗುರವಾಗಿ ಗೀರಿ, ಬಣ್ಣ ತೊಳೆದರೆ ಗೆರೆ ಉಳಿಯುತ್ತದೆ. ಕಂಪ್ಯೂಟರಿನಿಂದ ತೆಗೆದ ಮುದ್ರಣವನ್ನು ತಗಡಿಗೆ ಅಂಟಿಸಿ ಇಳಿಸುವ ವಿಧಾನಗಳೂ ಇವೆ, ಕಸುಬುದಾರರು ಬಳಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕಲಿಯುವ ಕಾಲದಲ್ಲಿ ಅದನ್ನು ದೂರವಿಡಿ ಎಂದು ಕೇಳಿಕೊಳ್ಳುತ್ತೇನೆ. ಬೇರೆಯವರ ವಿನ್ಯಾಸ ಅಂಟಿಸಿ ಕೊರೆದರೆ ಗೆರೆ ಬರುತ್ತದೆ, ಆ ಗೆರೆ ಯಾಕೆ ಅಲ್ಲಿದೆ ಎಂಬ ತಿಳಿವಳಿಕೆ ಬರುವುದಿಲ್ಲ. ಉಳಿ ಸ್ವಲ್ಪ ಜಾರಿದರೂ ಆಮೇಲೆ ಸರಿಪಡಿಸುವ ದಾರಿ ತೋಚುವುದಿಲ್ಲ.

ನೇರವಾಗಿ ಲೋಹದ ಮೇಲೆಯೇ ಬರೆಯುವ ಧೈರ್ಯ ಎಂಥದ್ದೆಂದು ತಿಳಿಯಬೇಕಾದರೆ ಬೀದರಿಗೆ ಹೋಗಿ. ಹೆಚ್ಚು ಸತುವು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನೋ ತಟ್ಟೆಯನ್ನೋ ನಯಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪಾದ ಲೋಹದ ಕಡ್ಡಿಯಿಂದ ಕುಶಲಕರ್ಮಿ ಕೈಯಂದಾಜಿನಲ್ಲೇ ಹೂಬಳ್ಳಿ ಬರೆಯುತ್ತಾರೆ. ಕಾಗದವಿಲ್ಲ, ಅಚ್ಚಿಲ್ಲ. ದುಂಡನೆಯ ಹೊಟ್ಟೆಯ ಮೇಲೆ ವಿನ್ಯಾಸ ಸುತ್ತಿ ಬಂದು ಹೊರಟಲ್ಲಿಗೇ ಸರಿಯಾಗಿ ಸೇರುತ್ತದೆ. ಆಮೇಲೆ ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ಹಾಳೆಯನ್ನೋ ಕೂರಿಸಿ, ಉಜ್ಜಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಅದ್ದಿದಾಗ ಸತುವಿನ ಮೈ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಬೀದರಿನ ಅಂಗಡಿಗಳಿಗೆ ಹೋದವರು ಮುಗಿದ ವಸ್ತುವಿನ ಬೆಲೆ ಕೇಳಿ ಹಿಂದಿರುಗುತ್ತಾರೆ. ಒಳಗೆ ಕುಳಿತು ಬರೆಯುತ್ತಿರುವವರ ಪಕ್ಕದಲ್ಲಿ, ಅವರ ಅಪ್ಪಣೆ ಪಡೆದು, ಅರ್ಧ ಗಂಟೆ ನಿಂತು ನೋಡಿ. ಮೊದಲು ದೊಡ್ಡ ಭಾಗಗಳು, ಆಮೇಲೆ ದಂಟು, ಕೊನೆಗೆ ಎಲೆ, ಇದೇ ಕ್ರಮ ಅಲ್ಲಿಯೂ ಕಾಣುತ್ತದೆ.

ಕಲಿಯಬೇಕೆಂದಿರುವವರಿಗೆ ನನ್ನ ಕೊನೆಯ ಕೋರಿಕೆ ಇಷ್ಟು. ದಿನಕ್ಕೆ ಅರ್ಧ ಗಂಟೆ ಪೆನ್ಸಿಲಿಗೆ ಕೊಟ್ಟ ಮೇಲೆಯೇ ಉಳಿ ಮುಟ್ಟಿ. ಎರಡು ಅಂಗುಲ ಚೌಕದ ತಾಮ್ರದ ತಗಡಿನಲ್ಲಿ ಒಂದೇ ಸುರುಳಿ, ಮೂರೇ ಎಲೆ ಕೊರೆಯಿರಿ. ಅದನ್ನು ಗುಜರಿಗೆ ಹಾಕಬೇಡಿ. ಹಿಂಬದಿಯಲ್ಲಿ ದಿನಾಂಕ ಗೀರಿ, ಅದರ ಚಿತ್ರವಿರುವ ಕಾಗದವನ್ನೂ ಜೊತೆಗಿಟ್ಟು ತೆಗೆದಿಡಿ. ಮುಂದಿನ ತಗಡು ಕೈಗೆತ್ತಿಕೊಳ್ಳುವ ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವ ತಪ್ಪು ಉಳಿಯದು, ಯಾವುದು ಪೆನ್ಸಿಲಿನದು ಎಂದು ಬೇರ್ಪಡಿಸಿ ನೋಡಿ.